ಮಾಳವ್ವನ ಮಕ್ಕಳಿಗಾಗಿ ಕಾಲ್ನಡಿಗೆ

ಇಂಡಿ ಪಟ್ಟಣದ ನಿಂಬೆಹಣ್ಣಿನ ದಲಾಲಿ ಬಸಂತರಾಯರು ಮನೆಯಿಂದ ತಮ್ಮ ಅಂಗಡಿಗೆ ಮೋಟಾರ್ ಸೈಕಲ್ ಮೇಲೆ ಹೋಗುತ್ತಿದ್ದರು. ಮನೆಯ ಕಟ್ಟೆಯ ಮೇಲೆ ನಿಂತು ಯಾರಾದರೂ ಕೂಗಿದರೆ ಅಂಗಡಿಯಲ್ಲಿ ಕೂತವರು ಓಗೊಡಬಹುದಾಗಿತ್ತು, ಅಷ್ಟು ದೂರ. ಅಂಥ ಮನುಷ್ಯ ಇಂಡಿಯಿಂದ ಹೊರಟು, ಸಿಂದಗಿ, ಮುದ್ದೇಬಿಹಾಳ ಹಾಯ್ದು, ಬಸವನ ಬಾಗೇವಾಡಿಯವರೆಗೆ ಕಾಲ್ನಡಿಗೆಯಲ್ಲಿ ಹೋಗುತ್ತೇನೆಂದು ಹತ್ತು ಮಂದಿಯ ಮುಂದೆ ಹೇಳಿಬಿಟ್ಟರೆಂದರೆ ಅದಕ್ಕೆ ಅವರ ಕಾಲು ಕಾರಣವಲ್ಲ, ಬಾಯಿ ಕಾರಣ.

ಆದದ್ದು ಹೀಗೆ. ಶುಗರ್ ಬಂದ ಮೇಲೆ ಡಾಕ್ಟರ್ ಪರಮಾನಂದರ ಅಪ್ಪಣೆಯಂತೆ ಬಸಂತರಾಯರು ದಿನಾ ಬೆಳಿಗ್ಗೆ ಮೈದಾನಕ್ಕೆ ಬರಬೇಕಾಯಿತು. ಅಲ್ಲಿ ಡಾಕ್ಟರು, ಒಬ್ಬಿಬ್ಬರು ವಕೀಲರು, ಕಾಲೇಜಿನ ಪ್ರಿನ್ಸಿಪಾಲರು, ಹೀಗೆ ಓದಿದವರ ಗುಂಪೊಂದು ಸುತ್ತು ಹಾಕುತ್ತಿತ್ತು. ಬಸಂತರಾಯರು ಒಂದು ಸುತ್ತು ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತು, ಉಳಿದ ಸುತ್ತುಗಳನ್ನು ಕಣ್ಣಿನಲ್ಲೇ ಹಾಕುತ್ತಿದ್ದರು. ಓದಿದವರು ಬಂದು ಪಕ್ಕದಲ್ಲಿ ಕೂತಾಗ ಅವರ ಮಾತಿಗೆ ತಲೆಯಾಡಿಸುವುದೇ ಅವರ ವ್ಯಾಯಾಮ.

ಒಂದು ಮುಂಜಾನೆ ಡಾಕ್ಟರು ಮಲಾವಿ ಎಂಬ ದೇಶದ ಸುದ್ದಿ ತೆಗೆದರು. ಅಲ್ಲಿ ನೆರೆ ಬಂದು ಊರಿಗೆ ಊರೇ ಕೊಚ್ಚಿಹೋಗಿದೆಯಂತೆ. ತಬ್ಬಲಿಯಾದ ಮಕ್ಕಳಿಗೆ ಸೂರಿಲ್ಲ, ಸಾಲಿಯಿಲ್ಲ. ಡಾಕ್ಟರ ಜೊತೆ ಓದಿದವರೊಬ್ಬರು ಅಲ್ಲಿನ ಆಸ್ಪತ್ರೆಯಲ್ಲಿದ್ದಾರೆ. ಆ ಮಕ್ಕಳ ಸಲುವಾಗಿ ಯಾರೋ ಬಿಳಿಯ ಮುದುಕ ತನ್ನ ದೇಶದ ಈ ತುದಿಯಿಂದ ಆ ತುದಿಗೆ ನಡೆದು ಜನರಿಂದ ನೆರವು ಕೂಡಿಸಿದ್ದಾನೆ. ಬಸಂತರಾಯರು ಮಲಾವಿ ಎಂದರೆ ಮಾಲ್ಡೀವ್ಸ್ ಪಕ್ಕದ ನಡುಗಡ್ಡೆ ಇರಬೇಕೆಂದುಕೊಂಡು ತಲೆಯಾಡಿಸಿದರು. ಪ್ರಿನ್ಸಿಪಾಲರು, ನಮ್ಮ ಕಡೆ ಅಂಥ ಗಂಡಸರು ಹುಟ್ಟುವುದಿಲ್ಲ ಎಂದು ನಿಟ್ಟುಸಿರು ಬಿಟ್ಟರು. ಆಗ ಬಸಂತರಾಯರ ಬಾಯಿಂದ ಆ ಮಾತು ಹೊರಬಿತ್ತು.

"ಯಾಕ್ರೀ, ನಾ ಇಲ್ಲೇನು? ಬಾಗೇವಾಡಿತನಕಾ ನಾ ನಡೀತೇನಿ."

ಅವರು ಮನೆಗೆ ಬಂದು ಚಹಾ ಕುಡಿಯುವುದರೊಳಗೆ ಸುದ್ದಿ ವಾಟ್ಸಾಪಿನಲ್ಲಿ ಬಂದಿತ್ತು. ಮಧ್ಯಾಹ್ನಕ್ಕೆ ಪುರಸಭೆಯ ಸದಸ್ಯರೊಬ್ಬರು ಅಂಗಡಿಗೆ ಬಂದು ಕೈಕುಲುಕಿ, ಹಸಿರು ಬಾವುಟ ತೋರಿಸಲು ತಾವೇ ಬರುವುದಾಗಿ ಹೇಳಿ ಹೋದರು. ಬಸಂತರಾಯರು ರಾತ್ರಿ ಡಾಕ್ಟರಿಗೆ ಫೋನು ಮಾಡಿ, ಶುಗರ್ ಇದ್ದವರು ಇಷ್ಟು ದೂರ ನಡೆಯಬಹುದೇ ಎಂದು ಬಹಳ ಆಸೆಯಿಂದ ಕೇಳಿದರು. ಡಾಕ್ಟರು, ನಿಮಗೆ ಇದಕ್ಕಿಂತ ಒಳ್ಳೆಯ ಔಷಧಿಯೇ ಇಲ್ಲ ಎಂದರು.

ಬ್ಯಾನರಿನ ಕೆಲಸ ಮುಕ್ತಾರನ ಫ್ಲೆಕ್ಸ್ ಅಂಗಡಿಗೆ ಹೋಯಿತು. ಕನ್ನಡದ ಕಾಗುಣಿತದಲ್ಲಿ ಇಂಡಿಯಲ್ಲಿ ಮುಕ್ತಾರನನ್ನು ಮೀರಿಸುವವರಿಲ್ಲ. ಮದುವೆ, ಜಾತ್ರೆ, ಶ್ರದ್ಧಾಂಜಲಿ ಯಾವುದೇ ಇರಲಿ, ಬರೆದುಕೊಟ್ಟವರ ತಪ್ಪನ್ನು ಅವರಿಗೆ ಗೊತ್ತಾಗದ ಹಾಗೆ ತಿದ್ದಿ ಅಚ್ಚು ಹಾಕುವ ಸಜ್ಜನ. ಬಸಂತರಾಯರು 'ಮಲಾವಿ ಮಕ್ಕಳ ನೆರವಿಗಾಗಿ ಕಾಲ್ನಡಿಗೆ' ಎಂದು ಅವಸರದಲ್ಲಿ ಬರೆದುಕೊಟ್ಟಿದ್ದರು. ಮುಕ್ತಾರ ಅದನ್ನು ಓದಿ ಮರುಗಿದ. ಎದೆಗೆ ಕಟ್ಟಿಕೊಳ್ಳುವುದು, ಬೆನ್ನಿಗೆ ಕಟ್ಟಿಕೊಳ್ಳುವುದು, ಹಿಂದೆ ಹಿಡಿಯುವುದು ಎಲ್ಲದರ ಮೇಲೂ ಕೆಂಪು ದಪ್ಪಕ್ಷರದಲ್ಲಿ, ಒಂದೇ ಒಂದು ತಪ್ಪಿಲ್ಲದಂತೆ, 'ಮಾಳವ್ವನ ಮಕ್ಕಳ ನೆರವಿಗಾಗಿ ಬಸಂತರಾಯರ ಕಾಲ್ನಡಿಗೆ' ಎಂದು ಅಚ್ಚು ಹಾಕಿಕೊಟ್ಟ.

ಅದನ್ನು ಬಿಚ್ಚಿ ನೋಡಿದ್ದು ಹೊರಡುವ ಮುಂಜಾನೆ, ಮನೆಯ ಮುಂದೆ ಜನ ನೆರೆದು, ಪುರಸಭೆಯ ಸದಸ್ಯರು ಬಾವುಟ ಎತ್ತಿ ಹಿಡಿದು, ಕೈ ನೋಯುತ್ತದೆ ಬೇಗ ಮಾಡಿ ಎನ್ನುತ್ತಿದ್ದಾಗ. ಬಸಂತರಾಯರ ಹೆಂಡತಿ ಶೇವಂತೆವ್ವ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲವೆಂಬುದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಎದುರು ಮನೆಯ ರೇಣುಕಾ ಬ್ಯಾನರನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಶೇವಂತೆವ್ವನ ಮುಖ ನೋಡಿದಳು. ಆಮೇಲೆ ಎಲ್ಲರೂ ಶೇವಂತೆವ್ವನ ಮುಖ ನೋಡಿದರು.

ಬಸಂತರಾಯರು ಹೆಂಡತಿಯ ಹತ್ತಿರ ಹೋಗಿ, ಅದು ಹೆಂಗಸಲ್ಲ, ದೇಶ ಎಂದು ಪಿಸುಗುಟ್ಟಿದರು. ಮಾಳವ್ವ ಎಂಬ ದೇಶವನ್ನು ತಾನು ಯಾವ ಪುಸ್ತಕದಲ್ಲೂ ಓದಿಲ್ಲವೆಂದು ರೇಣುಕಾ ಹಿಂದಿನಿಂದ ಹೇಳಿದಳು. ಡಾಕ್ಟರು ನಗುತ್ತ, ಇರಲಿ, ಯಾರು ಓದುತ್ತಾರೆ ಎಂದರು. ಶೇವಂತೆವ್ವ ಆರತಿ ಎತ್ತಿದಳು, ಕುಂಕುಮ ಹಚ್ಚಿದಳು, "ಹೋಗಿ ಬರ್ರಿ" ಎಂದಳು. ಬಾಗಿಲು ಸ್ವಲ್ಪ ಜೋರಾಗಿಯೇ ಮುಚ್ಚಿತು.

ಎಲ್ಲರೂ ಓದಿದರು. ಈ ನಾಲ್ಕು ತಾಲೂಕಿನಲ್ಲಿ ಇಷ್ಟೊಂದು ಓದುಗರಿದ್ದಾರೆಂದು ಬಸಂತರಾಯರಿಗೆ ಅದುವರೆಗೆ ಗೊತ್ತಿರಲಿಲ್ಲ. ಬೀಳ್ಕೊಡಲು ಬಂದವರು ಊರ ಹೊರಗಿನ ಪೆಟ್ರೋಲ್ ಬಂಕಿನಿಂದ ತಿರುಗಿದರು. ಸಾಲೋಟಗಿ ಮುಟ್ಟುವಾಗ ಬಸಂತರಾಯರು ಒಬ್ಬರೇ ಆಗಿದ್ದರು, ಹೊಸ ಬೂಟು ಹಿಮ್ಮಡಿಯನ್ನು ತಿನ್ನತೊಡಗಿತ್ತು. ಚಹಾದಂಗಡಿಯಲ್ಲಿ ಕೂತ ಹಿರಿಯರೊಬ್ಬರು ಅವರ ಎದೆಯನ್ನು ನಿಧಾನವಾಗಿ ಓದಿ, ತಮ್ಮದೇ ಬಸಿಯಲ್ಲಿ ಚಹಾ ಸುರಿದುಕೊಟ್ಟು ವಿಚಾರಿಸಿದರು.

"ಎಷ್ಟ ಮಕ್ಕಳ್ರೀ?"

"ಲಕ್ಷಗಟ್ಟಲೆ ಅದಾವ್ರೀ ಯಜಮಾನ್ರ," ಎಂದರು ಬಸಂತರಾಯರು. "ಹೊಟ್ಟಿಗಿಲ್ಲ, ಬಟ್ಟಿಗಿಲ್ಲ. ನಮ್ಮಂಥವರ ನೋಡ್ಕೋಬೇಕು."

ಹಿರಿಯರು ತಮ್ಮ ಬಸಿಯನ್ನು ಹಿಂದಕ್ಕೆ ತೆಗೆದುಕೊಂಡು ಆ ಕಡೆ ತಿರುಗಿ ಕೂತರು.

ಸಿಂದಗಿಯಲ್ಲಿ ಶೇವಂತೆವ್ವನ ತಮ್ಮ ಶ್ರೀಶೈಲನ ತೊಗರಿಬೇಳೆ ವ್ಯಾಪಾರ. ಬಸಂತರಾಯರು ಅವನ ಮನೆ ಮುಟ್ಟಿದಾಗ ಎರಡೂ ಹಿಮ್ಮಡಿ ಒಡೆದು ಸಾಕ್ಸು ಮಾಂಸಕ್ಕೆ ಅಂಟಿತ್ತು. ಶ್ರೀಶೈಲ ಬಿಸಿನೀರು ತರಿಸಲಿಲ್ಲ. ಬಾಗಿಲು ಹಾಕಿಸಿ, ತನ್ನ ದೊಡ್ಡಪ್ಪನನ್ನೂ ಇಬ್ಬರು ಹಿರಿಯರನ್ನೂ ಕೂಡಿಸಿಕೊಂಡು ಕೂತಿದ್ದ. ಮಾಳವ್ವ ಯಾರು, ಎಲ್ಲಿರುತ್ತಾಳೆ ಎಂಬುದಷ್ಟೇ ಅವನ ಪ್ರಶ್ನೆ. ಬಸಂತರಾಯರು ಆಫ್ರಿಕಾ ಎಂದರು. ಅಲ್ಲಿಯವರೆಗೂ ಹೋಗಿದ್ದಿರಾ ಎಂದು ದೊಡ್ಡಪ್ಪ ಬೆರಗಾದ. ಹೋಗಿಲ್ಲ, ಡಾಕ್ಟರ ಗೆಳೆಯರು ಅಲ್ಲಿದ್ದಾರೆ, ಅವರೇ ಮಕ್ಕಳನ್ನು ನೋಡಿಕೊಳ್ಳುತ್ತಾರೆ ಎಂದು ಬಸಂತರಾಯರು ವಿವರಿಸಿದರು. ಓದಿದವರೂ ಇದರಲ್ಲಿ ಕೂಡಿದ್ದಾರೆಂಬುದು ಹಿರಿಯರಿಗೆ ಅಲ್ಲಿಗೆ ಖಾತ್ರಿಯಾಯಿತು.

ಶ್ರೀಶೈಲ ಅಕ್ಕನಿಗೆ ಫೋನು ಹಚ್ಚಿ ಬಸಂತರಾಯರ ಕೈಗೆ ಕೊಟ್ಟ. ಆ ಕಡೆಯಿಂದ ಶೇವಂತೆವ್ವ, ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಎಂದು ಹೇಳಿ ಇಟ್ಟುಬಿಟ್ಟಳು. "ಮಾವಾರ," ಎಂದ ಶ್ರೀಶೈಲ, "ಮರ್ಯಾದಿಲೆ ಹೇಳ್ತೇನಿ. ಆ ಮಕ್ಕಳನ್ನ ತಗೊಂಡ ನಮ್ಮ ಅಕ್ಕನ ಮನಿ ಹೊಸ್ತಿಲಾ ತುಳೀಬ್ಯಾಡ್ರಿ." ಅಂಥ ವಿಚಾರ ಖಂಡಿತ ಇಲ್ಲವೆಂದು ಬಸಂತರಾಯರು ಆಣೆ ಮಾಡಿದರು, ಅದು ಸತ್ಯವೇ ಆಗಿತ್ತು.

ಅಲ್ಲಿಂದ ಮುಂದೆ ಅವರು ಬೂಟು ಬಿಟ್ಟು ಹವಾಯಿ ಚಪ್ಪಲಿಯಲ್ಲಿ ನಡೆದರು. ಎದೆಯ ಅಕ್ಷರ ಮುಚ್ಚಲೆಂದು ಅಂಟಿಸಿಕೊಂಡ ಬಿಳಿ ಹಾಳೆ ಬೆವರಿಗೆ ಕಳಚಿ ಬೀಳುತ್ತಿತ್ತು. ಬಸ್ಸು ಹತ್ತಿ ತಿರುಗಿ ಹೋಗಬಹುದಾಗಿತ್ತು. ಆದರೆ ಬಾಗೇವಾಡಿಯಲ್ಲಿ ಭಾನುವಾರ ಡಾಕ್ಟರು ಮಾಲೆ ಹಿಡಿದು ಕಾಯುವವರಿದ್ದರು. ಬಸಂತರಾಯರ ಕೊರಳಿಗೆ ಮದುವೆಯಲ್ಲಿ ಬಿಟ್ಟರೆ ಮಾಲೆ ಬಿದ್ದಿರಲಿಲ್ಲ.

ತಾಳಿಕೋಟೆ ದಾಟಿ ಮುದ್ದೇಬಿಹಾಳ ಇನ್ನೂ ದೂರ ಇರುವಾಗ ರಸ್ತೆಯ ಬದಿಗೆ ಕುರಿಗಾರರ ಸಣ್ಣ ಊರೊಂದು ಸಿಕ್ಕಿತು. ಅಲ್ಲಿ ಪಂಚಾಯತಿ ಕಟ್ಟೆಯ ಮೇಲೆ ಕೂತಿದ್ದ ಧರೆಪ್ಪ ಎಂಬಾತ ಬಸಂತರಾಯರ ಎದೆ ಓದಿ ಎದ್ದು ನಿಂತ. ಹಿಂದೆ ಬಂದು ಬೆನ್ನನ್ನೂ ಓದಿದ. ಆಮೇಲೆ ತಲೆಯ ರುಮಾಲು ತೆಗೆದು, "ಕಡೀಕೂ ಯಾರೋ ಒಬ್ಬರು ಬಂದ್ರಲ್ಲ," ಎಂದು ಅವರ ಕೈ ಹಿಡಿದುಕೊಂಡ.

ಆ ಊರಲ್ಲಿ ಮಾಳವ್ವ ಇದ್ದಳು. ಈಗ ಇರಲಿಲ್ಲ. ಮೂರನೆಯ ಹೆರಿಗೆಯಲ್ಲಿ ತಾಯಿ ಕೂಸು ಎರಡೂ ಹೋಗಿದ್ದವು. ಗಂಡ ಕುರಿ ಮಾರಿ ಗೋವಾಕ್ಕೆ ದುಡಿಯಲು ಹೋದವನ ಸುದ್ದಿಯಿಲ್ಲ. ಉಳಿದವರು ಎರಡು ಹೆಣ್ಣುಮಕ್ಕಳು, ಅವರ ಅಜ್ಜಿ ಲಕ್ಕವ್ವ. ಲಕ್ಕವ್ವನಿಗೆ ಕಣ್ಣು ಮಬ್ಬು, ಕಿವಿ ಮಂದ, ಹೊಟ್ಟೆಯೊಳಗೆ ಗಡ್ಡೆ. ತಾನು ಹೋಗುವ ಮೊದಲು ಮಕ್ಕಳನ್ನು ಒಂದು ಕೈಗೆ ಹಾಕಬೇಕೆಂದು ಕಂಡಕಂಡವರಿಗೆಲ್ಲ ಹೇಳಿಕಳಿಸುತ್ತಿದ್ದಳು.

ಬಸಂತರಾಯರನ್ನು ಧರೆಪ್ಪ ಆ ಗುಡಿಸಲಿಗೆ ಕರೆದೊಯ್ದ. ಹಿಂದೆ ಅರ್ಧ ಊರು ಬಂತು. ಬಸಂತರಾಯರು ಲಕ್ಕವ್ವ ಮಲಗಿದ್ದ ಹೊರಸಿನ ಬದಿಗೆ ಕೂತು, ಇದು ಬೇರೆ, ಅದು ಮಲಾವಿ, ದೂರದ ದೇಶ, ನೆರೆ ಬಂದಿದೆ ಎಂದು ಒದರಿ ಒದರಿ ಹೇಳಿದರು. ದೂರದಿಂದ ಬಂದಿದ್ದಾರೆಂಬುದಷ್ಟೇ ಲಕ್ಕವ್ವನಿಗೆ ಕೇಳಿಸಿತು. ಆಕೆ ಕೈಚಾಚಿ ಅವರ ಕಾಲು ಹುಡುಕಿದಳು. ಬೊಕ್ಕೆ ಒಡೆದ ಹಿಮ್ಮಡಿಯ ಮೇಲೆ ಬೆರಳು ಆಡಿಸಿದಳು.

"ಇಷ್ಟ ದೂರ ನಡಕೋತ ಬಂದಿಯಲ್ಲೋ ಯಪ್ಪಾ," ಎಂದಳು. "ನೀ ಯಾರರೆ ಇರು. ಒಯ್ಯಿ."

ಬಸಂತರಾಯರು ಧರೆಪ್ಪನನ್ನು ಬದಿಗೆ ಕರೆದು ಎಲ್ಲವನ್ನೂ ಬಿಡಿಸಿ ಹೇಳಿದರು. ಧರೆಪ್ಪ ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು, ಮುದ್ದೇಬಿಹಾಳದಲ್ಲಿ ಇಂಥ ಮಕ್ಕಳನ್ನು ನೋಡಿಕೊಳ್ಳುವ ಆಫೀಸಿದೆ, ಹೇಗೂ ಅದೇ ಹಾದಿ, ಅಲ್ಲಿ ಮುಟ್ಟಿಸಿಬಿಡಿ, ಮುದುಕಿ ಸಮಾಧಾನದಲ್ಲಿ ಸಾಯಲಿ ಎಂದ. ಅದು ನ್ಯಾಯವಾದ ಮಾತಾಗಿತ್ತು. ದೊಡ್ಡವಳು ಕಾವೇರಿ, ಎರಡನೆಯ ಇಯತ್ತೆಯಲ್ಲಿ ಸಾಲಿ ಬಿಟ್ಟವಳು. ಸಣ್ಣದಕ್ಕೆ ಮುತ್ತಜ್ಜಿಯ ಹೆಸರಿಟ್ಟಿದ್ದರು: ಸುಂದರವ್ವ. ಅಷ್ಟು ದೊಡ್ಡ ಹೆಸರಿನ ಆ ಕೂಸು ಬಸಂತರಾಯರ ಮೊಣಕಾಲಿಗೂ ಬರುತ್ತಿರಲಿಲ್ಲ.

ಮುದ್ದೇಬಿಹಾಳ ಮುಟ್ಟಿದಾಗ ಎರಡನೇ ಶನಿವಾರ. ಆಫೀಸಿಗೆ ಬೀಗ. ಕಾವಲುಗಾರ ಗುರಣ್ಣ ಒಳ್ಳೆಯ ಮನುಷ್ಯ. ಮಕ್ಕಳಿಗೆ ಬಿಸ್ಕತ್ತು ಕೊಟ್ಟು, ಸೋಮವಾರ ಸಾಹೇಬರು ಬರುತ್ತಾರೆ, ಅಲ್ಲಿಯವರೆಗೆ ನೀವೇ ಇಟ್ಟುಕೊಳ್ಳಿ, ಹೇಗೂ ಅವರಿಗಾಗಿಯೇ ನಡೆಯುತ್ತಿದ್ದೀರಲ್ಲ ಎಂದು ಬ್ಯಾನರ್ ತೋರಿಸಿದ. ಬಸಂತರಾಯರು ಅಲ್ಲೇ ಉಳಿಯಬೇಕಿತ್ತು. ಇಲ್ಲವೇ ಬಸ್ಸು ಹತ್ತಬೇಕಿತ್ತು. ಆದರೆ ಕಾಲ್ನಡಿಗೆಯೆಂದ ಮೇಲೆ ಕಾಲ್ನಡಿಗೆ, ಭಾನುವಾರವೆಂದ ಮೇಲೆ ಮಾಲೆ. ಬಾಗೇವಾಡಿಯಲ್ಲಿ ಡಾಕ್ಟರ ಕಾರಿದೆ, ಅವರು ದೊಡ್ಡ ಆಫೀಸರ ಜೊತೆ ಮಾತಾಡಿ ಎಲ್ಲ ಸರಿಮಾಡುತ್ತಾರೆಂದು ಅವರು ಸುಂದರವ್ವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೊರಟರು. ಕಾವೇರಿ ಬಟ್ಟೆಯ ಗಂಟು ಹಿಡಿದು ಹಿಂದೆ ಬಂದಳು.

ಆ ಹುಡುಗಿ ಬಹಳ ಮಾತಿನವಳಲ್ಲ. ಎರಡೂ ಬದಿಗೆ ಜೋಳದ ಹೊಲ ಇದ್ದ ಕಡೆ ಒಮ್ಮೆ ಕೇಳಿದಳು, ಬಸಂತರಾಯರಿಗೆ ತಮ್ಮ ಅವ್ವ ಏನಾಗಬೇಕೆಂದು. ಬಸಂತರಾಯರು ಮಲಾವಿಯ ಕಥೆ ಹೇಳಿದರು. ಇಷ್ಟು ದಿನದಲ್ಲಿ ಆ ಕಥೆಯನ್ನು ಪೂರ್ತಿ ಕೇಳಿ ಅರ್ಥಮಾಡಿಕೊಂಡವಳು ಅವಳೊಬ್ಬಳೇ.

"ಕಾಕಾ, ಆ ಹುಡುಗ್ರಿಗೆ ಅಜ್ಜಿ ಅದಾಳೇನು?"

ತಿಳಿಯದೆಂದರು ಬಸಂತರಾಯರು.

ಆ ವಾರ ಆ ಕಡೆ ಮೊಬೈಲುಗಳಲ್ಲೆಲ್ಲ ಮಕ್ಕಳ ಕಳ್ಳರ ಸುದ್ದಿ ಓಡಾಡುತ್ತಿತ್ತು. ಗಡ್ಡ ಬಿಟ್ಟಿರುತ್ತಾರೆ, ಮಕ್ಕಳನ್ನು ಹೆಗಲ ಮೇಲೆ ಹೊತ್ತಿರುತ್ತಾರೆ, ದಾನಧರ್ಮದ ಸೋಗು ಹಾಕಿರುತ್ತಾರೆ ಎಂದು ಬರೆದಿತ್ತು. ಬಸಂತರಾಯರು ಇಂಡಿ ಬಿಟ್ಟಾಗಿನಿಂದ ಗಡ್ಡ ಹೆರೆಸಿರಲಿಲ್ಲ. ಬಾಗೇವಾಡಿ ಇನ್ನೇನು ಬಂತೆನ್ನುವಾಗ ಮೋಟಾರ್ ಸೈಕಲ್ ಮೇಲೆ ಬಂದ ಇಬ್ಬರು ನಿಂತು, ಈತ ನಿನಗೆ ಯಾರಾಗಬೇಕೆಂದು ಕಾವೇರಿಯನ್ನು ಕೇಳಿದರು. ಗೊತ್ತಿಲ್ಲ ಎಂದಳು. ಅದು ಖರೆಯೇ.

ಸಂತೆಯಿಂದ ತಿರುಗಿ ಬರುತ್ತಿದ್ದ ಟಂಟಂ ಗಾಡಿಗಳು ನಿಂತವು. ಬಸಂತರಾಯರು ಎಲ್ಲರಿಗೂ ಕೈಮುಗಿದು ಮಲಾವಿ ಎಂದರು. ಕದ್ದ ಮಕ್ಕಳ ತಾಯಿಯ ಹೆಸರನ್ನು ಎದೆಯ ಮೇಲೆ ಬರೆದುಕೊಂಡು ತಿರುಗುವಷ್ಟು ಸೊಕ್ಕು ನೋಡಿರೆಂದು ಯಾರೋ ಹೇಳಿದರು. ಮೊದಲ ಏಟು ಯಾರು ಕೊಟ್ಟರೆಂಬುದು ಕೊನೆಗೂ ಗೊತ್ತಾಗಲಿಲ್ಲ. ಇಂಥ ಕಡೆ ಎಲ್ಲರೂ ಎರಡನೆಯ ಏಟು ಕೊಟ್ಟವರೇ. ಸುಂದರವ್ವನನ್ನು ಯಾರೋ ಹೆಗಲಿಂದ ಕಿತ್ತುಕೊಂಡರು. ಬಸಂತರಾಯರ ಕನ್ನಡಕ ಹೋಯಿತು, ಮುಂದಿನ ಹಲ್ಲು ಹೋಯಿತು. ಬೆನ್ನಿನ ಬ್ಯಾನರಿಗೆ ಕಟ್ಟಿದ್ದ ಬಿದಿರು ಕೋಲನ್ನೇ ಬಿಚ್ಚಿಕೊಂಡು ಬಾರಿಸಿದರು. ಒಬ್ಬ ಅಜ್ಜಿ, ಪರಸ್ಥಳದವಳು, ಏನೆಂದು ಕೇಳದೆಯೇ ಚಪ್ಪಲಿ ಬಿಟ್ಟು ಬಂದು ಹೊಡೆದು ತಿರುಗಿ ಚಪ್ಪಲಿ ಹಾಕಿಕೊಂಡು ಹೋದಳು.

ಅಷ್ಟರಲ್ಲಿ ಕಾವೇರಿ ಅವರ ಮೇಲೆ ಬಿದ್ದು ಅವುಚಿಕೊಂಡಳು.

"ನಮ್ಮಪ್ಪ," ಎಂದಳು. "ಹೊಡೀಬ್ಯಾಡ್ರಿ. ನಮ್ಮಪ್ಪ."

ಕೋಲು ನಿಂತವು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲೇ ಹೇಳಬಾರದಿತ್ತೇನು ಎಂದು ಕೆಲವರು ಬಸಂತರಾಯರ ಮೇಲೆಯೇ ರೇಗಿದರು. ಒಬ್ಬ ನೀರಿನ ಬಾಟಲಿ ತಂದುಕೊಟ್ಟು, ಕೋಲನ್ನು ಬೆನ್ನಹಿಂದೆ ಬಚ್ಚಿಟ್ಟುಕೊಂಡು, ಬಹಳ ಪೆಟ್ಟಾಯಿತೇ ಎಂದು ವಿಚಾರಿಸಿದ. ಪೊಲೀಸರ ಜೀಪು ಬಂದಾಗ ಅಲ್ಲಿ ಉಳಿದವರೆಲ್ಲ ಬಿಡಿಸಲು ಬಂದವರೇ ಆಗಿದ್ದರು.

ಠಾಣೆಯಲ್ಲಿ ಬಸಂತರಾಯರನ್ನು ಬೆಂಚಿನ ಮೇಲೆ ಕೂಡಿಸಿದ್ದರು. ಡಾಕ್ಟರ್ ಪರಮಾನಂದರು ಮಾಲೆ ಹಿಡಿದೇ ಓಡಿಬಂದವರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಗಾಯ ನೋಡುತ್ತಿದ್ದರು. ಸಂಜೆಗೆ ಶ್ರೀಶೈಲನ ಜೀಪಿನಲ್ಲಿ ಶೇವಂತೆವ್ವ ಬಂದು ಇಳಿದಳು. ಗಂಡನ ಮುಖ ನೋಡಿದಳು. ಅವರ ಅಂಗಿಯ ಚುಂಗು ಹಿಡಿದು ನಿಂತ ಕಾವೇರಿಯನ್ನು ನೋಡಿದಳು. ಬೆಂಚಿನ ತುದಿಗೆ ಕೂತು ಸೆರಗು ಸರಿಮಾಡಿಕೊಂಡಳು.

ಸಬ್‌ಇನ್‌ಸ್ಪೆಕ್ಟರು ಸಮಾಧಾನದ ಮನುಷ್ಯ. ಮಕ್ಕಳು ಅವರವೇ ಆದರೆ ಮುಗಿಯಿತು, ಚಹಾ ಕುಡಿದು ಕರೆದುಕೊಂಡು ಹೋಗಲಿ, ಹೊಡೆದವರ ಮೇಲೆ ಕೇಸು ಹಾಕೋಣ ಎಂದರು. "ಈ ಹುಡುಗಿ ನಿಮ್ಮನ್ನ ಅಪ್ಪ ಅಂತಾಳ. ಹೌದೋ ಅಲ್ಲೋ?"

ಶ್ರೀಶೈಲ ಮುಂದೆ ಬಾಗಿದ. ಶೇವಂತೆವ್ವ ನೆಲ ನೋಡುತ್ತಿದ್ದಳು. ಕಾವೇರಿ ಅಂಗಿಯ ಚುಂಗು ಬಿಟ್ಟಿರಲಿಲ್ಲ.

"ಅಲ್ರೀ," ಎಂದರು ಬಸಂತರಾಯರು. "ನಾ ಇವಕ್ಕ ಏನೂ ಆಗಂಗಿಲ್ಲ."

ಇಂಡಿ ಬಿಟ್ಟಾಗಿನಿಂದ ಅವರು ಆಡಿದ ಮಾತುಗಳಲ್ಲಿ ಯಾರೂ ತಪ್ಪು ತಿಳಿಯದ ಮಾತು ಇದೊಂದೇ. ಎಲ್ಲರಿಗೂ ಕೂಡಲೇ ಅರ್ಥವಾಯಿತು. ಕಾವೇರಿಗೂ ಅರ್ಥವಾಯಿತು. ಅವಳು ಅಂಗಿ ಬಿಟ್ಟು, ತಂಗಿಯ ಕೈ ಹಿಡಿದುಕೊಂಡು, ಸ್ವಲ್ಪ ದೂರ ಸರಿದು ಗೋಡೆಗೆ ನಿಂತಳು. ಶ್ರೀಶೈಲ ಒಂದು ದೊಡ್ಡ ಉಸಿರು ಬಿಟ್ಟು, ಮಾವನವರು ಬಂಗಾರದಂಥ ಮನುಷ್ಯರೆಂದು ತನಗೆ ಮೊದಲೇ ಗೊತ್ತಿತ್ತೆಂದು ಸಬ್‌ಇನ್‌ಸ್ಪೆಕ್ಟರಿಗೆ ಹೇಳಿದ.

ಆಮೇಲೆ ಎಲ್ಲ ಕಾಯ್ದೆಯಂತೆ ನಡೆಯಿತು. ಪೊಲೀಸರು ಲಕ್ಕವ್ವನ ಊರಿಗೆ ಹೋಗಿ ಬಂದರು. ಧರೆಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ. ಮಕ್ಕಳನ್ನು ವಿಜಯಪುರದ ಸರ್ಕಾರಿ ಮಕ್ಕಳ ಮನೆಗೆ ಕಳಿಸಿದರು. ಜೀಪು ಹತ್ತುವಾಗ ಸುಂದರವ್ವ ಬಸಂತರಾಯರ ಹೆಗಲಿಗಾಗಿ ಕೈಚಾಚಿತು. ಕಾವೇರಿ ಅದರ ಕೈಯನ್ನು ಕೆಳಗಿಳಿಸಿದಳು. ಡಾಕ್ಟರು ಹಲ್ಲಿಲ್ಲದ ಬಸಂತರಾಯರ ಕೊರಳಿಗೆ ಮಾಲೆ ಹಾಕಿ ಒಂದು ಫೋಟೋ ತೆಗೆದುಕೊಂಡರು. ಮೈದಾನದ ಗುಂಪು ಕೂಡಿಸಿದ ನೆರವು ಮಲಾವಿಗೆ ಮುಟ್ಟಿತು. ಹೊಸ ಪಾಟಿಚೀಲ ಹಾಕಿಕೊಂಡು ನಗುವ ಮಕ್ಕಳ ಚಿತ್ರ ಅಲ್ಲಿಂದ ಬಂತು. ಬಸಂತರಾಯರು ಅದನ್ನು ನೋಡಿ, ಚೆನ್ನಾಗಿದ್ದಾರೆ ಎಂದು ಡಾಕ್ಟರಿಗೆ ಫೋನು ತಿರುಗಿ ಕೊಟ್ಟರು.

ಇಂಡಿಯ ಅರ್ಧ ಜನ ನಿಜ ತಿಳಿದು ಮರುಗಿದರು. ಉಳಿದರ್ಧ ಜನ, ಬಸಂತರಾಯ ಠಾಣೆಯಲ್ಲಿ ಹೆಂಡತಿಗೆ ಅಂಜಿ ತನ್ನ ಮಕ್ಕಳನ್ನೇ ತನ್ನವಲ್ಲ ಎಂದುಬಿಟ್ಟ ಎಂದು ನಂಬಿದರು. ಎದುರು ಮನೆಯ ರೇಣುಕಾ ಎರಡೂ ಕಡೆಯವರಿಗೆ ಬೇಕಾದದ್ದನ್ನು ಒದಗಿಸುತ್ತಿದ್ದಳು. ಶೇವಂತೆವ್ವ ಗಂಡನಿಗೆ ಗಂಜಿ ಮಾಡಿ ಹಾಕಿದಳು, ಬೆನ್ನಿಗೆ ಶಾಖ ಕೊಟ್ಟಳು, ಆ ವಿಷಯ ಮಾತ್ರ ಎತ್ತಲಿಲ್ಲ. ಒಂದು ದಿನ ಧರೆಪ್ಪನ ಫೋನು ಬಂತು, ಆಕೆಯೇ ಎತ್ತಿಕೊಂಡಳು. ಲಕ್ಕವ್ವ ಹೋಗಿದ್ದಳು. ಮಕ್ಕಳು ಒಳ್ಳೆಯ ಕೈಗೆ ಸೇರಿದವೆಂದು ಆಕೆಗೆ ಹೇಳಿದ್ದರಂತೆ. ಹಾಗೆ ಹೇಳದೆ ಬೇರೆ ಏನು ಹೇಳಲಿ ಎಂದು ಧರೆಪ್ಪ ಕೇಳಿದ.

ಮರುದಿನ ಶೇವಂತೆವ್ವ ನಸುಕಿನಲ್ಲೆದ್ದು ಶೇಂಗಾ ಹೋಳಿಗೆ ಮಾಡಿ ಡಬ್ಬಿ ಕಟ್ಟಿಕೊಂಡಳು. ಗಂಡನಿಗೆ ಅಂಗಿ ಹಾಕಿಕೊಳ್ಳಲು ಹೇಳಿದಳು. ಇಬ್ಬರೂ ವಿಜಯಪುರದ ಬಸ್ಸು ಹತ್ತಿದರು.

ಮಕ್ಕಳ ಮನೆಯ ಗೇಟಿನಲ್ಲಿ ಪೀರಬಿ ಎಂಬ ನಡುವಯಸ್ಸಿನ ಹೆಂಗಸು ಕಾವಲಿಗಿದ್ದಳು. ಯಾರನ್ನು ನೋಡಬೇಕೆಂದು ಕೇಳಿದಳು, ಹೇಳಿದರು. ಸಂಬಂಧಿಕರನ್ನಷ್ಟೇ ಬಿಡುವ ರೂಢಿ, ನೀವು ಅವರಿಗೆ ಏನಾಗಬೇಕೆಂದು ಕೇಳಿದಳು. ಬಸಂತರಾಯರು ಬಾಯಿ ತೆರೆದರು. ಇಷ್ಟೆಲ್ಲ ಆದ ಮೇಲೂ ಅವರಿಗೆ ಬಂದದ್ದು ಆ ಒಂದೇ ಉತ್ತರ: ಏನೂ ಆಗುವುದಿಲ್ಲ. ಹಾಗಾದರೆ ಇಲ್ಲ ಎಂದಳು ಪೀರಬಿ.

ಶೇವಂತೆವ್ವ ಗಂಡನನ್ನು ಬದಿಗೆ ಸರಿಸಿ ಮುಂದೆ ಬಂದಳು.

"ನಾ ಅವರ ದೊಡ್ಡವ್ವ ಅದೀನಿ," ಎಂದಳು. "ಮಾಳವ್ವ ನನ್ನ ತಂಗಿ."

ಪೀರಬಿ ಆಕೆಯ ಮುಖವನ್ನೂ, ಡಬ್ಬಿಯನ್ನೂ, ಹಿಂದೆ ನಿಂತ ಗಂಡಸನ್ನೂ ನೋಡಿದಳು. ಬಹಳ ವರ್ಷ ಗೇಟು ಕಾದವಳು. ಚಿಲಕ ತೆಗೆದು, ಶೇವಂತೆವ್ವ ಒಳಗೆ ಹೋಗುವಷ್ಟು ಬಾಗಿಲು ಸರಿಸಿ, ಮತ್ತೆ ಹಾಕಿದಳು.

ಬಸಂತರಾಯರು ಹೊರಗೆ ಉಳಿದರು. ಸರಳುಗಳ ನಡುವೆ ಅಂಗಳ ಕಾಣುತ್ತಿತ್ತು. ಶೇವಂತೆವ್ವ ಬೇವಿನ ಗಿಡದ ಕೆಳಗೆ ಕೂತಳು. ಎರಡೂ ಮಕ್ಕಳು ಬಂದು ಎದುರು ನಿಂತವು. ಒಂದೇ ನಮೂನಿಯ ಫ್ರಾಕು, ತಲೆ ಸಣ್ಣಗೆ ಕತ್ತರಿಸಿತ್ತು. ದೊಡ್ಡದು ಒಮ್ಮೆ ಗೇಟಿನ ಕಡೆ ನೋಡಿತು, ಏನೋ ಕೇಳಿತು. ಶೇವಂತೆವ್ವ ಗೇಟಿನ ಕಡೆ ನೋಡದೆಯೇ ಏನೋ ಹೇಳಿದಳು. ಸಣ್ಣದು ಡಬ್ಬಿಯೊಳಗೆ ಕೈಹಾಕಿತು. ಬಸಂತರಾಯರು ಸರಳು ಹಿಡಿದುಕೊಂಡು ನಿಂತೇ ಇದ್ದರು.

ರಸ್ತೆಯಲ್ಲಿ ಹೊರಟ ಯಾರೋ ಅವರನ್ನು ಕಂಡು ನಿಂತು, ನಿಮ್ಮ ಮಕ್ಕಳು ಒಳಗಿದ್ದಾರೇನು ಎಂದು ವಿಚಾರಿಸಿದರು.

"ಮಕ್ಕಳು ಆಕೀವ್ರೀ," ಎಂದರು ಬಸಂತರಾಯರು. "ನಾ ಸುಮ್ಮ ಜೋಡಿ ಬಂದೇನಿ."